ದೊಡ್ಡಜ್ಜಿಯ ಕಾಗದದ ಕಟ್ಟು: ಓಟಿನ ಹಕ್ಕಿಗೆ ಓಡಾಡಿದವರು ಮನೆಗೆ ಬರೆದದ್ದನ್ನು ಉಳಿಸುವುದು, ಓದುವುದು ಹೇಗೆ

ಅಟ್ಟದ ಟ್ರಂಕಿನಲ್ಲಿ ಹಳೆ ಕಾಗದಗಳ ಕಟ್ಟು ಸಿಕ್ಕಿದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಒಟ್ಟಿಗೆ ಬಿಸಾಡುವುದಿಲ್ಲ. ಕೂತು ಆರಿಸುತ್ತಾರೆ. "ಮುಖ್ಯವಾದದ್ದು" ಅಂತ ಐದಾರು ಎತ್ತಿಟ್ಟುಕೊಂಡು, ಉಳಿದದ್ದನ್ನು ಬಚ್ಚಲ ಒಲೆಗೆ ಹಾಕುತ್ತಾರೆ. ನಾನು ಇದನ್ನು ಬರೆಯಲು ಹೊರಟದ್ದೇ ಆ ಆರಿಸುವ ಕೆಲಸ ನಿಲ್ಲಿಸಿ ಅಂತ ಹೇಳುವುದಕ್ಕೆ.

ನನ್ನ ಅಜ್ಜಿಯ ಅಕ್ಕನನ್ನು ನಾವೆಲ್ಲ ದೊಡ್ಡಜ್ಜಿ ಅನ್ನುತ್ತಿದ್ದೆವು. 1920ರ ದಶಕದಲ್ಲಿ ಮದರಾಸಿನಲ್ಲಿದ್ದುಕೊಂಡು ಹೆಂಗಸರ ಓಟಿನ ಹಕ್ಕಿಗಾಗಿ ಮನೆ ಮನೆ ಸುತ್ತಿದವರು. ಉಡುಪಿಯ ಮನೆಗೆ ಅವರು ಬರೆದ ಕಾಗದಗಳನ್ನು ಯಾರೋ ಹಿರಿಯರು ಎರಡು ಪಾಲು ಮಾಡಿಟ್ಟಿದ್ದರು. ಸಭೆ, ಭಾಷಣದ ಸುದ್ದಿ ಇದ್ದದ್ದು ಒಂದು ಕವರಿನಲ್ಲಿ. ಮಿಡಿ ಉಪ್ಪಿನಕಾಯಿ, ಮಗುವಿನ ಜ್ವರ, ಸೀರೆಯ ಲೆಕ್ಕ ಇದ್ದದ್ದು ಒಂದು ರಟ್ಟಿನ ಡಬ್ಬಿಯಲ್ಲಿ, ಸುಡುವುದಕ್ಕೆ. ನಾನು ಆ ಡಬ್ಬಿ ಓದಿದೆ. ಒಂದು ಕಾರ್ಡಿನಲ್ಲಿ ತಂಗಿಗೆ ಅವರು ಕೇಳಿದ್ದು ಇಷ್ಟು: ನಮ್ಮ ವರ್ಗ (ಅಂದರೆ ಜಮೀನಿನ ಖಾತೆ) ಈಗ ಯಾರ ಹೆಸರಲ್ಲಿದೆ, ತೀರ್ವೆ (ಭೂಕಂದಾಯ) ರಶೀದಿ ಯಾರ ಹೆಸರಿಗೆ ಬರುತ್ತದೆ, ಅಮ್ಮನ ಹೆಸರು ಅದರಲ್ಲಿ ಎಲ್ಲಾದರೂ ಇದೆಯಾ. ಮನೆಯವರು ಇದನ್ನು ಆಸ್ತಿಯ ತಕರಾರು ಅಂತ ತಿಳಿದು ಮುಜುಗರದಿಂದ ಮುಚ್ಚಿಟ್ಟಿದ್ದರು. ಆದರೆ ಅದು ಓಟಿನ ಮಾತು. ಆಗ ಓಟು ಎಲ್ಲರಿಗೂ ಇರಲಿಲ್ಲ. ಆಸ್ತಿ ಇರಬೇಕು, ತೀರ್ವೆಯೋ ತೆರಿಗೆಯೋ ಕಟ್ಟುವವರಾಗಿರಬೇಕು. ನಮ್ಮ ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತಿತ್ತು ನಿಜ, ಆದರೆ ಕಾಗದಪತ್ರದಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಯಜಮಾನಿಕೆ ನಡೆಸುವವರ ಹೆಸರು. ಅಮ್ಮನ ಹೆಸರು ರಶೀದಿಯಲ್ಲಿ ಇದ್ದರೆ ಅಮ್ಮನಿಗೆ ಓಟು ಸಿಗಬಹುದು. ಅಷ್ಟನ್ನು ಖಚಿತ ಮಾಡಿಕೊಳ್ಳಲು ಮದರಾಸಿನಿಂದ ಒಂದು ಕಾರ್ಡು.

ಹಾಗಾಗಿ ಮೊದಲ ಮಾತು, ಒಂದನ್ನೂ ಬೇರೆ ಮಾಡಬೇಡಿ. ಕಟ್ಟು ಹೇಗಿದೆಯೋ ಹಾಗೆ ಒಂದು ಫೋಟೋ ತೆಗೆಯಿರಿ. ಯಾವುದರ ಕೆಳಗೆ ಯಾವುದಿತ್ತು ಅನ್ನುವುದೂ ಒಂದು ಸುಳಿವು. ಹಳೆ ಮನೆಗಳಲ್ಲಿ ಬಂದ ಕಾಗದಗಳನ್ನು ಬಗ್ಗಿಸಿದ ಕಬ್ಬಿಣದ ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರಲ್ವಾ, ಹಾಗೆ ಸಿಕ್ಕಿದರೆ ನಿಮ್ಮ ಅದೃಷ್ಟ. ಬಂದ ಸಾಲಿನಲ್ಲೇ ಇರುತ್ತವೆ, ಕೆಳಗಿನದು ಹಳೆಯದು. ತಂತಿಯಿಂದ ಎಳೆಯಬೇಡಿ. ತುಕ್ಕು ಹಿಡಿದ ಜಾಗದಲ್ಲಿ ಕಾಗದ ಹಪ್ಪಳದ ಹಾಗೆ ಆಗಿರುತ್ತದೆ. ಮೇಲಿನ ಕೊಕ್ಕೆಯನ್ನು ಇಕ್ಕುಳದಿಂದ ಕತ್ತರಿಸಿ, ತಂತಿಯನ್ನು ಕೆಳಗಿನಿಂದ ನಿಧಾನ ಜಾರಿಸಿ ತೆಗೆಯಿರಿ. ಪ್ರತಿ ಹಾಳೆಯ ನಡುವೆ ಕಂದು ಬಳೆಯಂಥ ಒಂದು ತೂತು ಉಳಿಯುತ್ತದೆ, ಅಲ್ಲಿ ಒಂದೆರಡು ಅಕ್ಷರ ಹೋಗಿರುತ್ತದೆ. ಗುಂಡುಸೂಜಿ ಇದ್ದರೂ ಅಷ್ಟೇ, ಎಳೆಯುವ ಮೊದಲು ಎರಡೂ ಕಡೆ ತುಕ್ಕು ಬಿಡಿಸಿ.

ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನ ಗಾಳಿಯೇ ಒದ್ದೆ. ಡಿಸೆಂಬರ್, ಜನವರಿ ಒಳ್ಳೆಯದು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಎಣ್ಣೆ ಪಸೆ ಇರಬಾರದು. ಹತ್ತಿರ ಚಹಾ ಬೇಡ, ಪೆನ್ನೂ ಬೇಡ, ಬರೆಯುವುದಿದ್ದರೆ ಪೆನ್ಸಿಲ್ ಮಾತ್ರ. ಮಡಿಕೆ ಬಿಡದ ಕಾಗದವನ್ನು ಒತ್ತಾಯ ಮಾಡಬೇಡಿ. ಅರ್ಧ ಬಿಡಿಸಿ, ಮೇಲೊಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಹಗುರದ ಪುಸ್ತಕ ಇಟ್ಟು ಒಂದು ರಾತ್ರಿ ಬಿಡಿ. ಮರುದಿನ ಇನ್ನಷ್ಟು ಬಿಡಿಸಿ. ಬಿಸಿಲಿಗೆ ಹಾಕಿದರೆ ಶಾಯಿ ಹೋಗುತ್ತದೆ, ಕಾಗದ ಒಣಗಿದ ಎಲೆಯಂತಾಗುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬಾರದು. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನಾನು ಎರಡು ಕಾಗದ ಲ್ಯಾಮಿನೇಷನ್ ಮಾಡಿಸಿದೆ, ಬಿಸಿಗೆ ಒಂದರ ಶಾಯಿ ಹರಡಿಕೊಂಡಿತು. ಅದನ್ನು ಇನ್ನು ಬಿಡಿಸಲಿಕ್ಕೆ ಆಗುವುದಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಓದುವ ಮೊದಲೇ ಫೋಟೋ ತೆಗೆದುಬಿಡಿ, ಯಾಕೆಂದರೆ ಪ್ರತಿ ಸಲ ಮುಟ್ಟಿದಾಗಲೂ ಅಂಚು ಸ್ವಲ್ಪ ಸ್ವಲ್ಪ ಉದುರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಬೆಳಗ್ಗೆ ಹತ್ತರ ಹೊತ್ತು, ಫೋನ್ ಸಾಕು. ಫ್ಲ್ಯಾಶ್ ಬೇಡ. ಎರಡೂ ಬದಿ, ಲಕೋಟೆ, ಲಕೋಟೆಯ ಹಿಂಭಾಗ, ಅಂಚೆ ಮುದ್ರೆ ಹತ್ತಿರದಿಂದ ಒಂದು. ಖಾಲಿ ಇದೆ ಅನ್ನಿಸಿದ ಬದಿಯನ್ನೂ ತೆಗೆಯಿರಿ. ಶಾಯಿ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ, ನಿಬ್ಬಿನ ಗೀರು ಕಾಣುತ್ತದೆ. ಫೈಲಿನ ಹೆಸರಲ್ಲಿ ವರ್ಷ, ತಿಂಗಳು, ದಿನ, ಆಮೇಲೆ ಎಲ್ಲಿಂದ ಎಲ್ಲಿಗೆ ಅಂತ ಬರೆದರೆ ತಾನಾಗಿಯೇ ಸಾಲಾಗಿ ಕೂರುತ್ತವೆ.

ಆದರೆ ತಾರೀಕು ಎಲ್ಲಿದೆ? ಹೆಚ್ಚಿನ ಕಾಗದಗಳಲ್ಲಿ ಬರೇ "ಗುರುವಾರ" ಅಂತ ಇರುತ್ತದೆ. ಇಲ್ಲಿ ಸ್ವಲ್ಪ ಪತ್ತೇದಾರಿ ಕೆಲಸ ಬೇಕು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಮೊದಲು ಅಂಚೆಚೀಟಿಯ ರಾಜನ ಮುಖ ನೋಡಿ. ಗಡ್ಡ ಇದ್ದು ಕಿರೀಟ ಇದ್ದರೆ ಐದನೇ ಜಾರ್ಜ್, 1911ರಿಂದ 1936ರ ತನಕದ ಚೀಟಿ. ಗಡ್ಡ ಇಲ್ಲದವನು ಆರನೇ ಜಾರ್ಜ್, ಅದು 1937ರಿಂದ ಈಚೆಗೆ. ಕಾರ್ಡಿನ ಬೆಲೆ ಕಾಲಾಣೆ ಇದ್ದದ್ದು 1922ರಲ್ಲಿ ಅರ್ಧ ಆಣೆ ಆಯಿತು. ನೀಲಿ ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರಲ್ಲಿ. ನಯೇ ಪೈಸೆ ಇದ್ದರೆ 1957ರ ನಂತರದ್ದು, ಪಿನ್‌ಕೋಡ್ ಇದ್ದರೆ 1972ರ ನಂತರದ್ದು. ಲೆಕ್ಕದಲ್ಲಿ 3–8–0 ಅಂತ ಕಂಡರೆ ಮೂರು ರೂಪಾಯಿ ಎಂಟು ಆಣೆ ಸೊನ್ನೆ ಪೈ. ಹದಿನಾರು ಆಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ, ಅಂದರೆ ಅದು ಮೂರೂವರೆ ರೂಪಾಯಿ.

ಇನ್ನೊಂದು ದಾರಿ ಸಂವತ್ಸರ. ಪ್ರಭವ ಅಂತಿದ್ದರೆ 1927–28, ಅದಕ್ಕೆ ಹಿಂದಿನ ಅಕ್ಷಯ 1926–27. ಅರವತ್ತು ವರ್ಷಕ್ಕೆ ಮತ್ತೆ ಅದೇ ಹೆಸರು ಬರುವುದರಿಂದ ಗೊಂದಲ ಕಡಿಮೆ. ತಿಂಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಘಟ್ಟದ ಮೇಲಿನವರು ಶ್ರಾವಣ, ಭಾದ್ರಪದ ಅಂತ ಬರೆದರೆ ನಮ್ಮವರು ಸಂಕ್ರಮಣದಿಂದ ಎಣಿಸಿ ಸಿಂಹ ಮಾಸ ದಿನ ಐದು ಅಂತ ಬರೆದಿರುತ್ತಾರೆ. ಸಿಂಹ ಅಂದರೆ ತುಳುವಿನ ಸೋಣ, ಆಗಸ್ಟ್ ಹದಿನೇಳರ ಆಸುಪಾಸಿಗೆ ಶುರು. ಆಟಿ ಅಂತಿದ್ದರೆ ಅದರ ಹಿಂದಿನ ತಿಂಗಳು. ಮನೆಯಲ್ಲಿ ಹಳೆ ಪಂಚಾಂಗ ಇದ್ದರೆ ವಾರವನ್ನೂ ತಾಳೆ ನೋಡಬಹುದು.

ತಾರೀಕು ಸಿಕ್ಕಿದ ಮೇಲೆ ಹೊರಗಿನ ಘಟನೆಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ. 1917ರ ಡಿಸೆಂಬರ್‌ನಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ನಿಯೋಗವೊಂದು ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಓಟು ಕೇಳಿತು. 1919ರ ಭಾರತ ಸರ್ಕಾರ ಕಾಯಿದೆ ಆ ತೀರ್ಮಾನವನ್ನು ಆಯಾ ಪ್ರಾಂತ್ಯಗಳಿಗೆ ಬಿಟ್ಟಿತು. ಮದರಾಸು ಪ್ರಾಂತ್ಯ 1921ರಲ್ಲಿ ಕೊಟ್ಟಿತು, ನಮ್ಮ ದಕ್ಷಿಣ ಕನ್ನಡ ಆಗ ಅದರಲ್ಲೇ ಇತ್ತು. ಆದರೆ ಓಟು ಹಾಕಬಹುದು, ನಿಲ್ಲುವ ಹಾಗಿಲ್ಲ. ಆ ಬಾಗಿಲು ತೆರೆದದ್ದು 1926ರಲ್ಲಿ, ಆ ವರ್ಷವೇ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಕೌನ್ಸಿಲಿಗೆ, ಅಂದರೆ ಪ್ರಾಂತ್ಯದ ಶಾಸನಸಭೆಗೆ ನಿಂತು ಕೆಲವೇ ಓಟುಗಳಲ್ಲಿ ಸೋತರು. ಮಂಗಳೂರಿನ ಸಮಾಜ ಸುಧಾರಕ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದರು, 1932ರಲ್ಲಿ ಲೋಥಿಯನ್ ಮತಾಧಿಕಾರ ಸಮಿತಿಯಲ್ಲಿದ್ದರು. ನಮ್ಮೂರಿನ ಇಬ್ಬರು ಹೆಂಗಸರ ಹೆಸರು ಇಷ್ಟು ಹತ್ತಿರದಲ್ಲಿ ಬರುತ್ತದೆ ಅಂದರೆ, ಅವರ ಸುತ್ತಮುತ್ತ ಹೆಸರಿಲ್ಲದೆ ಓಡಾಡಿದವರು ಎಷ್ಟಿರಬಹುದು? ಅವರ ಕಾಗದಗಳು ನಮ್ಮ ನಿಮ್ಮ ಅಟ್ಟದಲ್ಲೇ ಇರುತ್ತವೆ.

ಈಗ ಓದುವ ವಿಚಾರ. ಕಣ್ಣಲ್ಲಿ ಓದಿದರೆ ಸಿಕ್ಕದ್ದು ಬಾಯಲ್ಲಿ ಓದಿದರೆ ಸಿಗುತ್ತದೆ. ಆ ಕಾಲದವರು ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ಎಷ್ಟೋ ಸಲ ಚುಕ್ಕಿಯೂ ಇಲ್ಲ. "ಎಲ್ಲರೂ" ಅನ್ನುವುದು "ಯೆಲ್ಲರೂ" ಆಗಿರುತ್ತದೆ, "ಒಂದು" ಎಂಬುದು "ವಂದು". ನಡುವೆ ತುಳು ಮಾತು, ಕೊಂಕಣಿಯವರ ಮನೆಯಾದರೆ ಕನ್ನಡ ಲಿಪಿಯಲ್ಲೇ ಕೊಂಕಣಿ. ನನಗೆ ಅರ್ಥವಾಗದ ಒಂದು ಸಾಲನ್ನು ಎಂಬತ್ತು ದಾಟಿದ ನಮ್ಮ ಅತ್ತೆಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಇನ್ನೊಮ್ಮೆ ಓದು ಮಗಾ, ಅದು ಕಡವು, ಕಡವೆ ಅಲ್ಲ" ಅಂದರು. ದೋಣಿ ದಾಟುವ ಕಡವು. ದೊಡ್ಡಜ್ಜಿ ಊರಿಗೆ ಬರುವಾಗ ಮಂಗಳೂರಿನ ತನಕ ರೈಲು, ಅಲ್ಲಿಂದ ಮುಂದೆ ಹೊಳೆ ಸಿಕ್ಕಿದಲ್ಲೆಲ್ಲ ಇಳಿದು ದೋಣಿ.

"ಉಭಯ ಕುಶಲೋಪರಿ" ಅಂತ ಶುರುವಾಗುವ ಸಾಲುಗಳನ್ನು ಹಾರಿಸಬೇಡಿ. ತೀರ್ಥರೂಪು ಅಂದರೆ ಅಪ್ಪನಿಗೋ ಅಪ್ಪನ ಸಮಾನರಿಗೋ, ಚಿ. ಸೌ. ಅಂದರೆ ಕಿರಿಯ ಮುತ್ತೈದೆಗೆ. ಯಾರಿಗೆ ನಮಸ್ಕಾರ, ಯಾರಿಗೆ ಆಶೀರ್ವಾದ ಅಂತ ಬರೆದಿದ್ದಾರೋ ಅದರಿಂದಲೇ ಆಗ ಮನೆಯಲ್ಲಿ ಯಾರು ಯಾರು ಇದ್ದರು ಅಂತ ಗೊತ್ತಾಗುತ್ತದೆ. ಒಂದು ಕಾಗದದಿಂದ ಮುಂದಿನದಕ್ಕೆ ಒಂದು ಹೆಸರು ಬಿಟ್ಟುಹೋದರೆ ಗುರುತು ಹಾಕಿಕೊಳ್ಳಿ. ಮೂಲೆಯಲ್ಲಿ ಅರಿಶಿನ ಇದ್ದರೆ ಶುಭ ಸುದ್ದಿ. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವ ರೂಢಿ ಇತ್ತು, ಹಾಗಾಗಿ ಸಾಲಿನಲ್ಲಿ ಇದ್ದಕ್ಕಿದ್ದಂತೆ ಎರಡು ತಿಂಗಳ ಖಾಲಿ ಬಂದರೆ ಸುಮ್ನೆ ಕಳೆದುಹೋಗಿದೆ ಅಂತ ಅಂದುಕೊಳ್ಳಬೇಡಿ. ಕಾರ್ಡಿನ ಅಂಚುಗಳನ್ನೂ ತಿರುಗಿಸಿ ಓದಿ. ಜಾಗ ಮುಗಿದ ಮೇಲೆ ಅಡ್ಡಡ್ಡ, ತಲೆಕೆಳಗಾಗಿ ಬರೆದದ್ದೇ ಕೆಲವೊಮ್ಮೆ ಹೇಳಬೇಕಾಗಿದ್ದ ಮಾತು. ಉಪ್ಪಿನಕಾಯಿಯ ಭರಣಿ ಕಳಿಸಿ ಅಂತ ಬರೆದ ಕಾರ್ಡಿನ ಅಂಚಿನಲ್ಲೇ ದೊಡ್ಡಜ್ಜಿ ಇವತ್ತು ಹನ್ನೊಂದು ಮನೆಗೆ ಹೋಗಿ ಬಂದೆ, ಎರಡು ಮನೆಯಲ್ಲಿ ಮಾತ್ರ ಒಳಗೆ ಕರೆದರು ಅಂತ ಬರೆದದ್ದು.

ನಕಲು ಮಾಡುವಾಗ ತಪ್ಪನ್ನು ತಿದ್ದಬೇಡಿ. "ಯೆಲ್ಲರೂ" ಇದ್ದರೆ "ಯೆಲ್ಲರೂ" ಅಂತಲೇ ಬರೆಯಿರಿ. ಓದಲಾಗದ ಕಡೆ ಚೌಕ ಕಂಸದಲ್ಲಿ ಪ್ರಶ್ನೆ ಗುರುತು ಹಾಕಿ, ಊಹೆ ಮಾಡಿ ತುಂಬಬೇಡಿ. ಬೇಕಿದ್ದರೆ ಇವತ್ತಿನ ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿ.

ಬರೆದವರ ಹೆಸರು ಹುಡುಕುವುದು ಎಲ್ಲಕ್ಕಿಂತ ಕಷ್ಟ. ಮೇಲೆ ಪಡೆಯುವವರ ವಿಳಾಸ ಇರುತ್ತದೆ, ಕೆಳಗೆ "ಇಂತಿ ನಿಮ್ಮ ಅಕ್ಕ" ಅಷ್ಟೇ. 1951–52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಬಿಡಬೇಕಾಯಿತು. ಅವರು ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ ಬರೆಸಿದ್ದರು. ಓಟಿಗಾಗಿ ಓಡಾಡಿದವರೂ ಮನೆಯ ಕಾಗದದಲ್ಲಿ ಬರೇ ಅಕ್ಕ. ಲಗ್ನಪತ್ರಿಕೆ, ಜಾತಕ, ಶಾಲೆಯ ಸರ್ಟಿಫಿಕೇಟು, ಹಳೆ ಫೋಟೋದ ಹಿಂಬದಿ ನೋಡಿ. ತವರಿನ ಹೆಸರು ಬೇರೆ, ಮದುವೆಯಾದ ಮೇಲೆ ಇಟ್ಟ ಹೆಸರು ಬೇರೆ ಇರಬಹುದು, ಎರಡನ್ನೂ ಬರೆದುಕೊಳ್ಳಿ. ನಮಗೆ ದೊಡ್ಡಜ್ಜಿಯ ತವರಿನ ಹೆಸರು ಸಿಕ್ಕಿದ್ದು ಒಂದು ಹಿತ್ತಾಳೆ ಕೊಡಪಾನದ ಕಂಠದಲ್ಲಿ.

ಇನ್ನು ಇಡುವುದು. ಮುರಕಲ್ಲಿನ ಹೊರಗೋಡೆಗೆ ತಾಗಿದ ಕಪಾಟು ಬೇಡ, ಮಳೆಗಾಲದಲ್ಲಿ ಗೋಡೆಯೇ ನೀರು ಕುಡಿದಿರುತ್ತದೆ. ಮನೆಯ ಒಳಗಿನ ಗೋಡೆ, ನಡುವಿನ ತಟ್ಟು. ಆಮ್ಲವಿಲ್ಲದ ಕಾಗದದ ಫೋಲ್ಡರ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ತೊಳೆದು ಒಣಗಿಸಿದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮಾಮೂಲಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಬೆವರುತ್ತದೆ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಿ ಇಡಬಾರದು. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಸ್ಟು ಶುರು, ಅದಕ್ಕೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಾಯಿಸಿ. ಬೂಸ್ಟು ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನೆರಳಲ್ಲಿ ಗಾಳಿಗೆ ಒಣಗಿಸಿ, ಮನೆಯ ಹೊರಗೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಲ್ಲಿ ಝಾಡಿಸಿ. ಹುಳ ಕಂಡರೆ ಜಿಪ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು, ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಒಂದಿಡೀ ದಿನ ಕವರ್ ತೆರೆಯಬೇಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ.

ಯಾರಿಗಾದರೂ ತೋರಿಸುವ ಮೊದಲು ಕುಟುಂಬದ ಉಳಿದ ಕವಲಿನವರನ್ನು ಕೇಳಿ. ಯಾರದ್ದೋ ಸಾಲ, ಯಾರದ್ದೋ ಕಾಯಿಲೆ ಅದರಲ್ಲಿ ಇರುತ್ತದೆ. ಫೋಟೋಗಳನ್ನು ಎರಡು ಕಡೆ ಇಡಿ, ಒಂದು ನಿಮ್ಮ ಮನೆಯಿಂದ ಹೊರಗೆ ಇರಲಿ. ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದವರ ಪೂರ್ತಿ ಹೆಸರು, ಯಾರಿಗೆ ಬರೆದದ್ದು, ಒಟ್ಟು ಎಷ್ಟು ಕಾಗದ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಮಳೆ ನಿಂತು ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಿ, ಆಗ ಮನೆಯ ಮಕ್ಕಳ ಕೈಯಲ್ಲಿ ಒಂದು ಕಾಗದವನ್ನಾದರೂ ಗಟ್ಟಿಯಾಗಿ ಓದಿಸಿ.