ಕೆಲವರಿಗೆ ಮಾತ್ರ ಬರುತ್ತಿದ್ದ 500: ಲಾಗ್ ಹಿಡಿದು ಹುಡುಕಿದ್ದು

ಗಾಂಧಿ ಬಜಾರಿನ ಕಡೆಯ ಒಂದು ಪುಸ್ತಕದಂಗಡಿಯ ಆರ್ಡರ್ ಫಾರ್ಮ್ ನೋಡಿಕೊಳ್ಳುವ ಕೆಲಸ ನನಗೆ ಬಂತು. ಅಪಾಚೆ ಸರ್ವರ್, ಅದರಲ್ಲಿ ಸಿಜಿಐ ಆಗಿ, ಅಂದರೆ ಪ್ರತಿ ರಿಕ್ವೆಸ್ಟಿಗೂ ಸರ್ವರ್ ತಾನೇ ಓಡಿಸುವ ಪ್ರೋಗ್ರಾಂ ಆಗಿ, ಓಡುವ ಹಳೆಯ ಪೈಥಾನ್ ಸ್ಕ್ರಿಪ್ಟ್. "ಕೆಲವರಿಗೆ ಮಾತ್ರ 500 ಅಂತ ಬರುತ್ತೆ ಸರ್, ನಾವು ನೋಡಿದ್ರೆ ಸರಿಯಾಗೇ ಇದೆ" ಎಂದರು ಅಂಗಡಿಯವರು. 500 ಎಂದರೆ ಸರ್ವರಿನ ಒಳಗೇ ಏನೋ ತಪ್ಪಾಗಿದೆ ಎಂಬ ಸೂಚನೆ. ಇಂಥ ತೊಂದರೆ ಬ್ರೌಸರ್ ಮುಂದೆ ಕೂತರೆ ಸಿಗುವುದಿಲ್ಲ. ಸರ್ವರ್ ನಡೆದದ್ದನ್ನು ಬರೆದಿಡುವ ಫೈಲ್, ಅಂದರೆ ಲಾಗ್, ನೋಡಲೇಬೇಕು.

ಸಿಜಿಐ ಸ್ಕ್ರಿಪ್ಟಿಗೆ ಎರಡು ಬಾಯಿ. ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೇಳಿದ್ದು ಬ್ರೌಸರಿಗೆ ಹೋಗುತ್ತದೆ, ಸ್ಟ್ಯಾಂಡರ್ಡ್ ಎರರ್‌ಗೆ ಹೇಳಿದ್ದು ಅಪಾಚೆಯ ಎರರ್ ಲಾಗಿಗೆ. ಈ ಸ್ಕ್ರಿಪ್ಟಿನಲ್ಲಿ ತಪ್ಪು ಹುಡುಕಲು, ಅಂದರೆ ಡೀಬಗ್‌ಗೆಂದು ಹಾಕಿದ ಪ್ರಿಂಟ್‌ಗಳೆಲ್ಲ ಮೊದಲನೆಯದಕ್ಕೇ ಹೋಗುತ್ತಿದ್ದವು. ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಕಮಾಂಡಿನಲ್ಲಿ ಎರರ್ ಲಾಗ್ ತೆರೆದಿಟ್ಟುಕೊಂಡು, ಪಿನ್‌ಕೋಡ್ ಖಾಲಿ ಬಿಟ್ಟು ಫಾರ್ಮ್ ಕಳಿಸಿದೆ. 'ಮಾಲ್‌ಫಾರ್ಮ್ಡ್ ಹೆಡರ್' (ಹೆಡರ್ ಸರಿಯಿಲ್ಲ) ಎಂಬ ಸಾಲು ಬಂತು. ಅಪಾಚೆಗೆ ಹಿಡಿಸದ ಪಠ್ಯವೂ ಅದರ ಪಕ್ಕದಲ್ಲೇ ಇತ್ತು: 'ನೋ ಪಿನ್'.

ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ಕ್ರಿಪ್ಟ್ ಮೊದಲು ಹೆಡರ್‌ಗಳನ್ನು, ಆಮೇಲೆ ಒಂದು ಖಾಲಿ ಸಾಲನ್ನು ಕೊಡಬೇಕು. ಹೆಡರ್ ಎಂದರೆ ಪುಟಕ್ಕೂ ಮೊದಲು ಹೋಗುವ, 'ಹೆಸರು: ವಿವರ' ರೂಪದ ಸಾಲು. ಡೀಬಗ್ ಸಾಲು ಆ ಖಾಲಿ ಸಾಲಿಗೂ ಮೊದಲೇ ಹೋಗುತ್ತಿತ್ತು. ಪಿನ್ ತುಂಬಿದವರಿಗೆ ಡೀಬಗ್ ಸಾಲು 'ಪಿನ್: 560004' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೋಗುತ್ತಿತ್ತು. ಕೋಲನ್ ಇರುವುದರಿಂದ ಅಪಾಚೆ ಅದನ್ನೂ ಒಂದು ಹೆಡರ್ ಎಂದುಕೊಂಡು ಸುಮ್ನೆ ಮುಂದೆ ಕಳಿಸುತ್ತಿತ್ತು. ಪುಟ ಚೆನ್ನಾಗಿಯೇ ಕಾಣುತ್ತಿತ್ತು. ಪಿನ್ ಬಿಟ್ಟವರ ಸಾಲಿನಲ್ಲಿ ಕೋಲನ್ ಇಲ್ಲ, ಅವರಿಗೆ 500. ಡೀಬಗ್ ಸಾಲುಗಳನ್ನೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ತಿರುಗಿಸಿದೆ, ತೊಂದರೆ ನಿಂತಿತು.

ಆದರೆ ಎರರ್ ಲಾಗಿನಲ್ಲಿ ಗ್ರಾಹಕರು ಕನ್ನಡದಲ್ಲಿ ಬರೆದ ಪುಸ್ತಕದ ಹೆಸರು ಓದಲಾಗುತ್ತಿರಲಿಲ್ಲ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಎಂದರೆ ಇ0, ಬಿ2, 95 ಎಂಬ ಮೂರು ಬೈಟ್. ಅಪಾಚೆ ಪ್ರತಿ ಬೈಟನ್ನೂ ಬ್ಯಾಕ್‌ಸ್ಲ್ಯಾಶ್ ಹಾಕಿ ಹೀಗೆ ಸಂಖ್ಯೆಯಾಗಿ ಬರೆಯುತ್ತದೆ. ಕನ್ನಡ ಓದುವ ನಮಗೆ ಅದು ಯಾವ ಉಪಯೋಗಕ್ಕೆ, ಅಲ್ವಾ? ಹಾಗಾಗಿ ಪೈಥಾನಿನ ಲಾಗಿಂಗ್ ಮಾಡ್ಯೂಲಿನಿಂದ ಬೇರೆ ಫೈಲ್ ಮಾಡಿ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಟ್ಟೆ. ಆ ಫೈಲನ್ನು ವೆಬ್ ಫೋಲ್ಡರಿನ ಹೊರಗೆ ಇಟ್ಟೆ. ಇಲ್ಲದಿದ್ದರೆ ಯಾರು ಬೇಕಾದರೂ ಬ್ರೌಸರಿನಲ್ಲಿ ತೆರೆದು ಓದಬಹುದು. ಫೋನ್ ನಂಬರ್, ವಿಳಾಸ ಅದರಲ್ಲಿ ಬರೆಯುವುದೇ ಇಲ್ಲ.

ಸಮಯದ್ದೂ ಗಮನಿಸಬೇಕು. ಈ ಸರ್ವರ್ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿತ್ತು. ಗ್ರಾಹಕರು ಬೆಳಿಗ್ಗೆ 9 ಗಂಟೆ ಎಂದರೆ ಲಾಗಿನಲ್ಲಿ 3:30 ಹುಡುಕಬೇಕು.

ಅಪಾಚೆಯ ಯುನೀಕ್ ಐಡಿ ಮಾಡ್ಯೂಲನ್ನೂ ಆನ್ ಮಾಡಿದೆ. ಅದು ಪ್ರತಿ ರಿಕ್ವೆಸ್ಟಿಗೂ ಒಂದೊಂದು ಗುರುತು ಕೊಡುತ್ತದೆ, ಸ್ಕ್ರಿಪ್ಟಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ (ಸರ್ವರ್ ಸ್ಕ್ರಿಪ್ಟಿಗೆ ಕೊಡುವ ಮಾಹಿತಿ) ಆಗಿ ಸಿಗುತ್ತದೆ. ಲಾಗಿನ ಪ್ರತಿ ಸಾಲಿನಲ್ಲೂ, ಸ್ಕ್ರಿಪ್ಟ್ ತೋರಿಸುವ ತಪ್ಪಿನ ಪುಟದಲ್ಲೂ ಅದನ್ನೇ ಹಾಕಿದ್ದೇನೆ. ಈಗ ಗ್ರಾಹಕರು ಆ ಪುಟದ ಸ್ಕ್ರೀನ್‌ಶಾಟನ್ನು ಅಂಗಡಿಗೆ ವಾಟ್ಸಾಪ್ ಮಾಡುತ್ತಾರೆ. ಫೈಲಿನಲ್ಲಿ ಪದ ಹುಡುಕುವ ಗ್ರೆಪ್‌ನಲ್ಲಿ ಆ ಗುರುತು ಹಾಕಿದರೆ ಅವರ ರಿಕ್ವೆಸ್ಟಿನ ಸಾಲುಗಳಷ್ಟೇ ಸಿಗುತ್ತವೆ.