ದೊಡ್ಡ ಕಣ್ಣಿನ ಕೆಂಪು ಮೀನು: ಗುರುತು ಹಿಡಿದು ಚೀಟಿ ಬರೆಯುವ ಕ್ರಮ

ಕಾರವಾರದ ಬೈತಖೋಲ ಬಂದರಿನಲ್ಲಿ ಬುಟ್ಟಿ ಬಗ್ಗಿಸಿದಾಗ ದೊಡ್ಡ ಕಣ್ಣಿನ ಕೆಂಪು ಮೀನು ಕಂಡ ಕೂಡಲೇ ಅಳಿಲುಮೀನು (ಸ್ಕ್ವಿರಲ್‌ಫಿಶ್) ಎಂದು ಬರೆದುಬಿಡಬೇಡಿ. ದೋಣಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಬಂದದ್ದಾದರೆ ಅದು ಪ್ರಿಯಾಕ್ಯಾಂಥಸ್ ಎಂಬ ಬೇರೆ ಕುಟುಂಬದ ಮೀನಾಗಿರುವ ಸಂಭವವೇ ಹೆಚ್ಚು. ಅಳಿಲುಮೀನು ಹಗಲೆಲ್ಲ ಬಂಡೆಯ ಸಂದಿಯಲ್ಲಿದ್ದು, ಕತ್ತಲಾದ ಮೇಲೆ ಏಡಿ, ಸಿಗಡಿ ಹುಡುಕಿಕೊಂಡು ಹೊರಡುವ ಪ್ರಾಣಿ.

ಮುಟ್ಟುವ ಮೊದಲು ದಪ್ಪ ಕೈಗವಸು ಹಾಕಿಕೊಳ್ಳಿ. ಅಳಿಲುಮೀನಿನ ಕೆನ್ನೆಯ ಕೆಳಮೂಲೆಯಲ್ಲಿ, ಕಿವಿರಿನ ಮುಚ್ಚಳಕ್ಕೆ ಸ್ವಲ್ಪ ಮುಂದೆ, ಹಿಂದಕ್ಕೆ ಚಾಚಿದ ಉದ್ದನೆಯ ಮುಳ್ಳಿರುತ್ತದೆ. ಚುಚ್ಚಿದರೆ ನಂಜು. ಗುರುತೂ ಅದೇ: ಹತ್ತಿರದ ನೆಂಟ ಮಿರಿಪ್ರಿಸ್ಟಿಸ್‌ಗೆ ಅಂಥ ಉದ್ದ ಮುಳ್ಳಿಲ್ಲ. ಇನ್ನು ಹೊಟ್ಟೆಯ ರೆಕ್ಕೆ ಬಿಡಿಸಿ ಎಣಿಸಿ. ಒಂದು ಮುಳ್ಳು, ಏಳು ಮೃದು ಕಡ್ಡಿ ಇದ್ದರೆ ಅಳಿಲುಮೀನಿನ ಕುಟುಂಬ. ಐದೇ ಕಡ್ಡಿಯಿದ್ದು ರೆಕ್ಕೆ ಪೊರೆಯಿಂದ ಹೊಟ್ಟೆಗೆ ಅಂಟಿದ್ದರೆ ಪ್ರಿಯಾಕ್ಯಾಂಥಸ್. ಸಾರ್ಗೋಸೆಂಟ್ರಾನ್ ರೂಬ್ರಮ್ ಎಂಬ ಅಳಿಲುಮೀನಿನಲ್ಲಿ ಬೆನ್ನಿನ ರೆಕ್ಕೆಗೆ 11 ಮುಳ್ಳು, 12–14 ಕಡ್ಡಿ. ಗುದರೆಕ್ಕೆಗೆ 4 ಮುಳ್ಳು, 8–10 ಕಡ್ಡಿ. ಮಗ್ಗುಲಿನ ಉದ್ದಕ್ಕೂ ಸಾಗುವ ಪಾರ್ಶ್ವರೇಖೆಯ ಮೇಲೆ 34–38 ಹುರುಪೆ. ಬೆನ್ನಿನ ಮತ್ತು ಗುದದ ರೆಕ್ಕೆಗಳಲ್ಲಿ ಕೊನೆಯ ಎರಡು ಕಡ್ಡಿ ಬುಡದಲ್ಲಿ ಕೂಡಿದ್ದರೆ ಒಂದೆಂದೇ ಲೆಕ್ಕ. ಹೆಚ್ಚಿನವರು ತಪ್ಪುವುದು ಇಲ್ಲೇ.

ಹೆಸರಿನ ವಿಷಯಕ್ಕೆ ಬಂದರೆ, 1775ರಲ್ಲಿ ಅಚ್ಚಾದ ಪ್ರಕೃತಿವಿಜ್ಞಾನಿ ಫಾರ್ಸ್ಕಾಲ್‌ನ ಬರಹದಲ್ಲಿ ಈ ಮೀನು ಸಿಯೇನಾ ರೂಬ್ರಾ. ಹಳೆಯ ಪುಸ್ತಕಗಳಲ್ಲಿ ಹೋಲೋಸೆಂಟ್ರಸ್ ರೂಬರ್. ಈಗ ಸಾರ್ಗೋಸೆಂಟ್ರಾನ್ ರೂಬ್ರಮ್. ಮೂರರಲ್ಲೂ ಎರಡನೆಯದು ಒಂದೇ ಪದ, 'ಕೆಂಪು'. ಮೊದಲ ಪದ, ಅಂದರೆ ಕುಲದ ಹೆಸರು, ಸ್ತ್ರೀಲಿಂಗವೋ ಪುಲ್ಲಿಂಗವೋ ನಪುಂಸಕವೋ ನೋಡಿಕೊಂಡು ಆ ಪದದ ಬಾಲ ಬದಲಾಗಿದೆ, ನಮ್ಮಲ್ಲಿ ಬಂದಳು, ಬಂದನು, ಬಂದಿತು ಎಂದ ಹಾಗೆ. ಹಳೆಯ ದಾಖಲೆ ಹುಡುಕುವಾಗ ಮೂರನ್ನೂ ಹುಡುಕಿ.

ಹೆಸರಿಟ್ಟವರನ್ನು ಬರೆಯುವಾಗ ಆವರಣ ಚಿಹ್ನೆ ( ) ಅಲಂಕಾರಕ್ಕಲ್ಲ. ಪ್ರಭೇದ ಮೊದಲಿನ ಕುಲದಿಂದ ಬೇರೆ ಕುಲಕ್ಕೆ ಹೋಗಿದ್ದರೆ ಮಾತ್ರ ಹಾಕಬೇಕು: ಸಾರ್ಗೋಸೆಂಟ್ರಾನ್ ರೂಬ್ರಮ್ (ಫಾರ್ಸ್ಕಾಲ್, 1775). ನಮ್ಮ ಬಂಗಡೆಯೂ ಹಾಗೇ, ರಾಸ್ಟ್ರೆಲ್ಲಿಗರ್ ಕನಗುರ್ತ (ಕುವ್ಯೇ, 1816). ಕನಗುರ್ತ ಲ್ಯಾಟಿನ್ ಅಲ್ಲ, ತೆಲುಗಿನವರ ಮಾತು. ತಾರ್ಲೆ (ಬೂತಾಯಿ) ಮಾತ್ರ ಮೊದಲು ಇಟ್ಟ ಕುಲದಲ್ಲೇ ಉಳಿದಿದೆ; ಅದಕ್ಕೇ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ವಾಲೆನ್ಸಿಯೆನ್, 1847, ಆವರಣವಿಲ್ಲ. ರೋಮನ್ ಲಿಪಿಯಲ್ಲಿ ಬರೆಯುವಾಗ ಕುಲದ ಮೊದಲಕ್ಷರ ದೊಡ್ಡದು, ಪ್ರಭೇದದ್ದು ಸಣ್ಣದು. ಓರೆ ಅಕ್ಷರ ಸಾಧ್ಯವಿಲ್ಲದಿದ್ದರೆ ಎರಡಕ್ಕೂ ಅಡಿಗೆರೆ. ಎರಡನೇ ಸಲ 'ಎಸ್. ರೂಬ್ರಮ್' ಸಾಕು, ಆದರೆ ಅದೇ ಪಟ್ಟಿಯಲ್ಲಿ ತಾರ್ಲೆಯೂ ಇದ್ದರೆ ಎರಡೂ 'ಎಸ್.' ಆಗಿ ಗೊಂದಲ. ಅಲ್ಲಿ ಪೂರ್ತಿ ಬರೆಯಿರಿ.

ಕಾಪಿಡುವ ಮೊದಲು ತಾಜಾ ಇರುವಾಗಲೇ ಎಡಮಗ್ಗುಲಿನ ಫೋಟೋ ತೆಗೆಯಿರಿ. ಫಾರ್ಮಲಿನ್‌ನಲ್ಲಿ ಕೆಂಪು ಉಳಿಯುವುದಿಲ್ಲ. ಡಿಎನ್ಎ ಬೇಕಿದ್ದರೆ ಬಲಗಡೆಯ ರೆಕ್ಕೆಯ ತುಣುಕನ್ನು 95% ಆಲ್ಕೋಹಾಲ್‌ಗೆ ಹಾಕಿಡಿ, ಫಾರ್ಮಲಿನ್ ಅದನ್ನು ಕೆಡಿಸುತ್ತದೆ. ಆಮೇಲೆ ಬಲಮಗ್ಗುಲಲ್ಲಿ ಹೊಟ್ಟೆ ಸೀಳಿ, ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಗಾಳಿಯಾಡುವ ಕಡೆ ಒಂದು ವಾರ ಮುಳುಗಿಸಿ. ಸೀಳದಿದ್ದರೆ ಕರುಳು ಒಳಗೇ ಕೊಳೆಯುತ್ತದೆ. ನೀರಿನಲ್ಲಿ ಚೆನ್ನಾಗಿ ತೊಳೆದು 70% ಆಲ್ಕೋಹಾಲ್‌ಗೆ ಬದಲಿಸಿ.

ಚೀಟಿಯಲ್ಲಿ ದಿನಾಂಕ, ಜಾಗ, ಆಳ, ಬಲೆಯ ಬಗೆ ಇರಲಿ. ಪೆನ್ಸಿಲ್‌ನಲ್ಲೇ ಬರೆದು ಬಾಟಲಿಯ ಒಳಗೆ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ.