14ನೇ ಮೀಟರ್ ಕೆಂಪಾದರೆ 1ನೇ ಮೀಟರಿನ ಲಾಗ್ ಕೂಡ ನೋಡಿ

ಸ್ಕಾಡಾ (ಎಲ್ಲ ಮೀಟರ್‌ಗಳನ್ನು ಒಂದೇ ಕಡೆ ತೋರಿಸುವ ಕಂಪ್ಯೂಟರ್ ವ್ಯವಸ್ಥೆ) ಪರದೆಯಲ್ಲಿ 14ನೇ ಎನರ್ಜಿ ಮೀಟರ್ ಕೆಂಪಾಗಿತ್ತು, ಅಂದರೆ ಮೋಡ್‌ಬಸ್‌ನಲ್ಲಿ (ಕಂಪ್ಯೂಟರ್ ಪ್ರಶ್ನೆ ಕೇಳಿ, ಮೀಟರ್ ಉತ್ತರ ಕೊಡುವ ಭಾಷೆ) ಅದರಿಂದ ಉತ್ತರ ಸಿಗುತ್ತಿರಲಿಲ್ಲ. ಹಿಂದಿನ ದಿನವೇ ಅದನ್ನು ಬದಲಾಯಿಸಿದ್ದರು. ನಾನು ಹೋಗಿ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಸಮಯ) ಹೆಚ್ಚಿಸಿದೆ, ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್) ಬದಲಾಯಿಸಿದೆ, ಡ್ರೈವರ್ (ಮೀಟರ್‌ಗಳ ಜೊತೆ ಮಾತಾಡುವ ತಂತ್ರಾಂಶ) ರೀಸ್ಟಾರ್ಟ್ ಮಾಡಿದೆ. ಅರ್ಧ ಗಂಟೆಯಲ್ಲಿ ಇನ್ನೂ ನಾಲ್ಕು ಮೀಟರ್ ಕೆಂಪಾದವು. ಮೊದಲು ಯಾವ ಸೆಟ್ಟಿಂಗ್ ಇತ್ತು ಅನ್ನೋದೇ ಮರೆತುಹೋಗಿತ್ತು!

ಆಮೇಲಿಂದ ನನ್ನ ಪದ್ಧತಿ ಒಂದೇ. ಏನನ್ನೂ ಮುಟ್ಟುವ ಮೊದಲು ಇರುವ ಸೆಟ್ಟಿಂಗ್‌ನ ಫೋಟೋ ತೆಗೆದುಕೊಳ್ಳುತ್ತೇನೆ. ಆಮೇಲೆ ಡ್ರೈವರ್‌ನ ಡಯಾಗ್ನಾಸ್ಟಿಕ್ ಲಾಗ್ ತೆರೆದು ಐದು ನಿಮಿಷ ಸುಮ್ನೆ ನೋಡುತ್ತೇನೆ. ಪ್ರಶ್ನೆ ಹೋಗ್ತಿದೆಯಾ? ಉತ್ತರ ಬರ್ತಿದೆಯಾ? ಬಂದರೆ ಎಂಥ ಉತ್ತರ? ಮೋಡ್‌ಬಸ್ ನಡೆಯುವುದೇ ಹೀಗೆ. 1979ರ ಪ್ರೋಟೋಕಾಲ್, ಆದರೂ ಇವತ್ತಿಗೂ ಎಲ್ಲೆಲ್ಲೂ ಅದೇ.

ಉತ್ತರವೇ ಬರುತ್ತಿಲ್ಲ ಅಂದರೆ, ಎಲ್ಲ ಮೀಟರ್ ಸತ್ತಿವೆಯಾ, ಒಂದೇನಾ ನೋಡಿ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಕಂಪ್ಯೂಟರ್ ಕಡೆಯಿಂದ ಶುರು ಮಾಡಿ. ಮೀಟರ್ ಕೇಬಲ್ಲನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಕನ್ವರ್ಟರನ್ನು ಯಾರೋ ಬೇರೆ ಸಾಕೆಟ್ಟಿಗೆ ಚುಚ್ಚಿರುತ್ತಾರೆ, ಕಂಪ್ಯೂಟರ್ ಅದಕ್ಕೆ ಕೊಟ್ಟ ಕಾಮ್ ಪೋರ್ಟ್ ನಂಬರ್ ಬದಲಾಗಿರುತ್ತದೆ. ಒಂದೇ ಹೋಗಿದ್ದರೆ ಅದರ ವಿಳಾಸ, ಬಾಡ್‌ರೇಟ್ (ಮಾತಿನ ವೇಗ), ಪ್ಯಾರಿಟಿಯನ್ನು ಮೀಟರಿನ ಡಿಸ್‌ಪ್ಲೇಯಲ್ಲೇ ಓದಿ; ಕಾಗದದಲ್ಲಿ ಬರೆದಿದ್ದನ್ನು ನಂಬಬೇಡಿ. ಆಮೇಲೆ ಎ, ಬಿ ವೈರ್, ಅಂದರೆ ಮೀಟರ್‌ಗಳನ್ನು ಸಾಲಾಗಿ ಜೋಡಿಸುವ ಕೇಬಲ್‌ನ ಎರಡು ತಂತಿ. ಒಬ್ಬ ತಯಾರಕರ ಎ ಇನ್ನೊಬ್ಬರಿಗೆ ಬಿ ಆಗಿರುತ್ತದೆ. ಎರಡನ್ನೂ ಅದಲುಬದಲು ಮಾಡಿ ನೋಡಿದರೆ ಏನೂ ಹಾಳಾಗುವುದಿಲ್ಲ.

ಕೇಬಲ್ ಮೇಲೆ ಅನುಮಾನವಿದ್ದರೆ ಎಲ್ಲದರ ಪವರ್ ತೆಗೆದು ಎ-ಬಿ ನಡುವೆ ಮಲ್ಟಿಮೀಟರ್ ಇಡಿ. ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇದ್ದರೆ 60ರ ಹತ್ತಿರ ತೋರಿಸಬೇಕು. 120 ಬಂದರೆ ಒಂದು ತುದಿಯದು ಇಲ್ಲ. 40 ಬಂದರೆ ಮಧ್ಯದಲ್ಲಿ ಯಾರೋ ಮೂರನೆಯದನ್ನೂ ಹಾಕಿಟ್ಟಿದ್ದಾರೆ.

ನನ್ನ 14ನೇ ಮೀಟರ್ ಕಥೆ ಬೇರೆಯೇ ಆಗಿತ್ತು. ಲಾಗ್‌ನಲ್ಲಿ 14ರ ಸಾಲುಗಳೆಲ್ಲ ಖಾಲಿ. ಆದರೆ ಯಾರೂ ದೂರು ಕೊಡದ 1ನೇ ಮೀಟರಿನ ಸಾಲುಗಳಲ್ಲಿ ಆಗಾಗ ಸಿಆರ್‌ಸಿ ಎರರ್ (ಬಂದ ಉತ್ತರ ಕೆಟ್ಟಿದೆ ಎಂಬ ಗುರುತು). ಹೊಸ ಮೀಟರ್ ಫ್ಯಾಕ್ಟರಿಯಿಂದ ವಿಳಾಸ 1 ಇಟ್ಟುಕೊಂಡೇ ಬಂದಿತ್ತು. 1 ಎಂದು ಕರೆದಾಗ ಎರಡೂ ಒಟ್ಟಿಗೆ ಬಾಯಿ ಬಿಡುತ್ತಿದ್ದವು, 14 ಎಂದಾಗ ಓಗೊಡುವವರೇ ಇಲ್ಲ. ವಿಳಾಸ ಬದಲಾಯಿಸಲು ಹಿಡಿದಿದ್ದು ಒಂದೇ ನಿಮಿಷ.

ಉಳಿದ ಮೀಟರ್‌ಗಳ ಓದು ನಿಧಾನವಾಗಿದ್ದೂ 14ರ ಉತ್ತರಕ್ಕೆ ಕಾಯುತ್ತಿದ್ದರಿಂದಲೇ. 9600 ಬಾಡ್‌ನಲ್ಲಿ ಹತ್ತು ರಿಜಿಸ್ಟರ್ (ಮೀಟರಿನೊಳಗೆ ಅಂಕಿ ಇಡುವ ಜಾಗ) ಓದಲು ವೈರ್ ಮೇಲೆ 40 ಮಿಲಿಸೆಕೆಂಡ್ ಕೂಡ ಬೇಡ. ಟೈಮ್‌ಔಟ್ 1 ಸೆಕೆಂಡ್, ಮೂರು ಸಲ ಪ್ರಯತ್ನ ಅಂತಿದ್ದರೆ, ಸತ್ತ ಮೀಟರ್ ಒಂದೇ ಪ್ರತಿ ಸುತ್ತಿಗೆ 3 ಸೆಕೆಂಡ್ ತಿನ್ನುತ್ತದೆ. ನಾನು ಟೈಮ್‌ಔಟ್ ಹೆಚ್ಚಿಸಿ ಅದನ್ನು ಇನ್ನೂ ಕೆಡಿಸಿದ್ದೆ. ಹೀಗಾದಾಗ ಕೆಟ್ಟಿದ್ದನ್ನು ಪೋಲಿಂಗ್‌ನಿಂದ (ಸರದಿಯಲ್ಲಿ ಕೇಳುವ ಸುತ್ತು) ತೆಗೆದಿಡಿ, ಉಳಿದವು ಉಸಿರಾಡಲಿ.

ಎಕ್ಸೆಪ್ಶನ್ (ಕೇಳಿದ್ದು ಕೊಡಲಾಗದು ಎಂದು ಮೀಟರೇ ಹೇಳುವ ಉತ್ತರ) ಬಂದರೆ ನನಗೆ ಖುಷಿ. ವೈರ್, ವಿಳಾಸ, ಬಾಡ್‌ರೇಟ್ ಎಲ್ಲ ಸರಿ ಇದೆ ಅಂತ ತಾನೇ ಅರ್ಥ? ಫಂಕ್ಷನ್ 03ಕ್ಕೆ (ರಿಜಿಸ್ಟರ್ ಓದುವ ಆಜ್ಞೆ) ಉತ್ತರವಾಗಿ 83 ಕಂಡರೆ ಅದೇ. ಪಕ್ಕದ ಕೋಡ್ 01 ಆದರೆ ಆ ಫಂಕ್ಷನ್ ಮೀಟರಿಗೆ ಗೊತ್ತಿಲ್ಲ, 03ರ ಬದಲು 04 ಪ್ರಯತ್ನಿಸಿ. 02 ಆದರೆ ಆ ರಿಜಿಸ್ಟರ್ ಅಲ್ಲಿಲ್ಲ. ಮ್ಯಾನ್ಯುಯಲ್‌ನ ರಿಜಿಸ್ಟರ್ 40001 ವೈರ್ ಮೇಲೆ 0 ಆಗಿ ಹೋಗುತ್ತದೆ, ಹಾಗಾಗಿ ಒಂದು ಹಿಂದೆ, ಒಂದು ಮುಂದೆ ಓದಿ ನೋಡಿ. ಒಂದೇ ಸಲಕ್ಕೆ 125ಕ್ಕಿಂತ ಜಾಸ್ತಿ ರಿಜಿಸ್ಟರ್ ಕೇಳುವಂತಿಲ್ಲ.

ಉತ್ತರ ಸರಿಯಾಗಿ ಬಂದು ಅಂಕಿ ಮಾತ್ರ ತಪ್ಪಾಗಿದ್ದರೆ? ಗೊತ್ತಿರುವ ಬೆಲೆಯಿಂದ ಪರೀಕ್ಷಿಸಿ. ಮೀಟರ್ ಮೇಲೆ 230 ವೋಲ್ಟ್, ಪರದೆಯಲ್ಲಿ 0.00 ಎಂದಿದ್ದರೆ ಆ ಬೆಲೆ ಇರುವ ಎರಡು ರಿಜಿಸ್ಟರ್‌ಗಳನ್ನು ಬಿಡಿಬಿಡಿಯಾಗಿ ಪೂರ್ಣಾಂಕವಾಗಿ ಓದಿ. 17254 ಮತ್ತು 0 ಸಿಕ್ಕರೆ ಅದು ಫ್ಲೋಟ್ (ದಶಮಾಂಶ ಸಂಖ್ಯೆ) ರೂಪದ 230. ಡ್ರೈವರ್ ಅವೆರಡನ್ನು ತಿರುವುಮುರುವಾಗಿ ಜೋಡಿಸುತ್ತಿದೆ. ವರ್ಡ್ ಸ್ವಾಪ್ ಆಯ್ಕೆ ಬದಲಾಯಿಸಿದರೆ ಸಾಕು.

ಮೋಡ್‌ಬಸ್ ಟಿಸಿಪಿ (ನೆಟ್‌ವರ್ಕ್ ಮೇಲೆ ಓಡುವ ಮೋಡ್‌ಬಸ್) ಆದರೆ ಪಿಂಗ್ ಬಂದ ಮಾತ್ರಕ್ಕೆ ನಿರಾಳರಾಗಬೇಡಿ. ಅದು ಬಳಸುವ 502ನೇ ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು. ಇನ್ನೊಂದು, ಗೇಟ್‌ವೇಗಳು (ನೆಟ್‌ವರ್ಕನ್ನು ಮೀಟರ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆಗಳು) ಒಂದೇ ಹೊತ್ತಿಗೆ ಕೆಲವೇ ಸಂಪರ್ಕಗಳನ್ನು ಒಪ್ಪುತ್ತವೆ. ಒಮ್ಮೆ ಸ್ಕಾಡಾಗೆ ಜಾಗ ಸಿಗದೆ ಇಡೀ ಮಧ್ಯಾಹ್ನ ಹುಡುಕಾಡಿದ್ದೇನೆ. ಕೊನೆಗೆ ಆ ಜಾಗ ಹಿಡಿದು ಕೂತಿದ್ದು ನನ್ನದೇ ಲ್ಯಾಪ್‌ಟಾಪ್‌ನಲ್ಲಿ ಮುಚ್ಚದೆ ಬಿಟ್ಟ ಟೆಸ್ಟ್ ಟೂಲ್.